ಒಡಕು ದನಿಗೆ ಇಂಗ್ಲಿಷಿನಲ್ಲಿ ‘ಹಸ್ಕಿ’ ಸರಿಯೇ?

ಶೀತ ಹಿಡಿದ ಮುದುಕನ ಒಡಕು ದನಿಗೆ ‘ಹಸ್ಕಿ’ ಎಂದು ಬರೆದಿದ್ದೀರಿ. ಗೊಂದಲ ಬಂದಿರುವುದು ಬಹುಶಃ ನಿಘಂಟಿನಿಂದ. ಹಸ್ಕಿ, ಹೋರ್ಸ್, ರಾಸ್ಪಿ ಮೂರಕ್ಕೂ ‘ಒರಟು, ಕರ್ಕಶ’ ಎಂದು ಕೊಟ್ಟಿದ್ದರೆ ಯಾರಿಗಾದರೂ ತಪ್ಪುತ್ತದೆ.

ಮೊದಲು ದನಿ ಹಾಗಾದದ್ದು ಏಕೆ ನೋಡಿ. ಶೀತಕ್ಕೋ ಕೂಗಾಡಿಯೋ ಗಂಟಲು ಕಟ್ಟಿದ್ದರೆ ‘ಹೋರ್ಸ್’. ನಿಮ್ಮ ಮುದುಕನಿಗೆ ಇದೇ ಹೊಂದುತ್ತದೆ. ಉಚ್ಚಾರ ಸಾಮಾನ್ಯವಾಗಿ ಕುದುರೆಯ ಪದದ್ದೇ, ಬರೆಯುವಾಗ ‘ಓ’ ಆದಮೇಲೆ ‘ಎ’ ಸೇರಿಸುವುದು ಮರೆಯಬೇಡಿ. ‘ಹಸ್ಕಿ’ ಎಂದರೆ ತಗ್ಗಿದ, ಉಸಿರು ಬೆರೆತ ದನಿ. ಎಷ್ಟೋ ಸಲ ಅದು ಮೆಚ್ಚುಗೆಯ ಮಾತು. ರಾಸ್ಪ್ ಅಂದರೆ ಒರಟು ಅರ, ಹಾಗಾಗಿ ಉಜ್ಜಿದಂತೆ ಕೇಳುವ ದನಿ ‘ರಾಸ್ಪಿ’.

ಅವನು ಅಳು ತಡೆಯುತ್ತಾ ಮಾತಾಡುವ ದೃಶ್ಯವಾದರೆ ಮಾತ್ರ ಈ ಯಾವುದೂ ಬೇಡ, ‘ಹಿಸ್ ವಾಯ್ಸ್ ಕ್ರ್ಯಾಕ್ಡ್’ ಎಂದು ಬರೆಯಿರಿ.