ಕ್ರಿಯಾಟಿನಿನ್ ನಾರ್ಮಲ್ ಇದ್ದರೂ ಶುಗರ್‌ನಿಂದ ಕಿಡ್ನಿ ಹಾಳಾಗುತ್ತಿರಬಹುದೇ? ಮೊದಲೇ ತಿಳಿಯುವ ಟೆಸ್ಟ್ ಇದೆಯೇ?

ಖಂಡಿತ ಆಗುತ್ತಿರಬಹುದು. ಕಿಡ್ನಿ ಸೋಸಿ ಹೊರಹಾಕುವ ತ್ಯಾಜ್ಯವಾದ ಕ್ರಿಯಾಟಿನಿನ್ ರಕ್ತದಲ್ಲಿ ಏರಿದ್ದು ರಿಪೋರ್ಟ್‌ನಲ್ಲಿ ಕಾಣುವ ಹೊತ್ತಿಗೆ ಕಿಡ್ನಿಯ ಅರ್ಧದಷ್ಟು ಸಾಮರ್ಥ್ಯ ಹೋಗಿರಬಹುದು. ಅದಕ್ಕಿಂತ ಮೊದಲು ಸುಳಿವು ಕೊಡುವುದು ಮೂತ್ರದ ಆಲ್ಬುಮಿನ್–ಕ್ರಿಯಾಟಿನಿನ್ ಅನುಪಾತ. ಆಲ್ಬುಮಿನ್ ಎಂದರೆ ರಕ್ತದಲ್ಲಿನ ಒಂದು ಪ್ರೋಟೀನ್; ಕಿಡ್ನಿಯ ಜರಡಿ ಕೆಟ್ಟರೆ ಅದು ಮೂತ್ರಕ್ಕೆ ಸೋರುತ್ತದೆ. ಅದು ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ದಾಟಿದರೆ ಎಚ್ಚರ ಬೇಕು. ಜ್ವರ, ಮೂತ್ರದ ಸೋಂಕು, ಹಿಂದಿನ ದಿನ ಮಾಡಿದ ಕಠಿಣ ವ್ಯಾಯಾಮವೂ ಇದನ್ನು ಏರಿಸುತ್ತವೆ. ಹಾಗಾಗಿ ಒಂದೇ ರಿಪೋರ್ಟ್ ನೋಡಿ ಗಾಬರಿ ಬೇಡ, ಕೆಲವು ತಿಂಗಳಲ್ಲಿ ಮತ್ತೆ ಮಾಡಿಸಿ.

ತೊಡಕೆಂದರೆ, ಕೆಲವರಿಗೆ ಆಲ್ಬುಮಿನ್ ಸೋರದೆಯೇ ಕಿಡ್ನಿ ಸೊರಗುತ್ತದೆ. ಅದಕ್ಕೇ ಇನ್ನೂ ಮೊದಲೇ ಹಿಡಿಯುವ ಪರೀಕ್ಷೆಗಳ ಹುಡುಕಾಟ. ಯುರೋಪಿನಲ್ಲಿ ಬೆಳೆದ 'ಸಿಕೆಡಿ273' ಎಂಬ ಪರೀಕ್ಷೆ ಮೂತ್ರದಲ್ಲಿನ 273 ಪೆಪ್ಟೈಡ್‌ಗಳ, ಅಂದರೆ ಪ್ರೋಟೀನ್ ತುಣುಕುಗಳ ವಿನ್ಯಾಸವನ್ನು ಓದುತ್ತದೆ; ಅವುಗಳಲ್ಲಿ ಬಹಳಷ್ಟು ಅಂಗಾಂಶಗಳನ್ನು ಹಿಡಿದಿಡುವ ಪ್ರೋಟೀನ್ ಆದ ಕೊಲಾಜೆನ್‌ನ ಚೂರುಗಳು. ಆಲ್ಬುಮಿನ್ ನಾರ್ಮಲ್ ಇದ್ದ 1,775 ಟೈಪ್ 2 ಮಧುಮೇಹಿಗಳ ಮೇಲೆ ಇದನ್ನು ಪರೀಕ್ಷಿಸಿದ 'ಪ್ರಯಾರಿಟಿ' ಅಧ್ಯಯನ 2020ರಲ್ಲಿ ಪ್ರಕಟವಾಯಿತು. 'ಅಪಾಯ ಹೆಚ್ಚು' ಎಂದು ಬಂದವರಲ್ಲಿ ಶೇ. 28 ಮಂದಿಗೆ, ಉಳಿದವರಲ್ಲಿ ಶೇ. 9 ಮಂದಿಗೆ ಮುಂದೆ ಆಲ್ಬುಮಿನ್ ಸೋರತೊಡಗಿತು. ಭವಿಷ್ಯ ಹೇಳಿದ್ದು ಸರಿ, ಆದರೆ ಅಪಾಯದ ಗುಂಪಿಗೆ ಕೊಟ್ಟ ಸ್ಪೈರೊನೊಲ್ಯಾಕ್ಟೋನ್ (ಬಿಪಿಗೂ ಬಳಸುವ ಔಷಧ) ಮಾತ್ರೆ ಅದನ್ನು ತಡೆಯಲಿಲ್ಲ! ನನಗೆ ಇದೇ ಮುಖ್ಯ ಪಾಠವಾಗಿ ಕಾಣುತ್ತದೆ: ಟೆಸ್ಟ್ ಬೇಗ ಹೇಳಿದರಷ್ಟೇ ಸಾಲದು, ಆ ಹಂತದಲ್ಲಿ ಕೊಡಲು ಮದ್ದೂ ಇರಬೇಕು.

ಸದ್ಯಕ್ಕೆ ಟೈಪ್ 2 ಆದರೆ ಪತ್ತೆಯಾದ ದಿನದಿಂದಲೇ, ಟೈಪ್ 1 ಆದರೆ ಐದು ವರ್ಷದ ನಂತರ, ಪ್ರತಿ ವರ್ಷ ಮೂತ್ರದ ಆಲ್ಬುಮಿನ್ ಮತ್ತು ರಕ್ತದ ಕ್ರಿಯಾಟಿನಿನ್‌ನಿಂದ ಲೆಕ್ಕ ಹಾಕುವ ಇಜಿಎಫ್‌ಆರ್ (ಕಿಡ್ನಿ ರಕ್ತವನ್ನು ಎಷ್ಟು ವೇಗವಾಗಿ ಸೋಸುತ್ತದೆ ಎಂಬ ಅಂದಾಜು) ಎರಡನ್ನೂ ಮಾಡಿಸಿ.