ಸೈನ್ಯದಲ್ಲಿದ್ದ ಅಪ್ಪ ಯುದ್ಧದ ಬಗ್ಗೆ ಏನೂ ಹೇಳಿರಲಿಲ್ಲ. ಅವರ ನೆನಪಿನ ಪುಸ್ತಕದಲ್ಲಿ ಏನು ಬರೆಯಲಿ?

ಅಪ್ಪ ತೀರಿಕೊಂಡು ಮೂರು ವಾರ, ತಿಂಗಳ ಕಾರ್ಯಕ್ಕೆ ಸಣ್ಣ ಪುಸ್ತಕ ಆಗಬೇಕು, ಯುದ್ಧದ ಕಥೆ ಒಂದೂ ಕೈಯಲ್ಲಿಲ್ಲ. ಅಷ್ಟೇ ತಾನೆ? 2017ರಲ್ಲಿ ನನ್ನ ಕೈಯಲ್ಲೂ ಇರಲಿಲ್ಲ. ನಾನು ಕಟ್ಟಿ ಬರೆದೆ.

ನಮ್ಮದು ಅರಸೀಕೆರೆ ಹತ್ತಿರದ ಹಳ್ಳಿ. ಅಪ್ಪ ಬೆಂಗಳೂರಿನ ಎಂಇಜಿಗೆ, ಅಂದರೆ ಸೈನ್ಯದ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ಗೆ ಸೇರಿದ್ದರು. ಹನ್ನೊಂದನೇ ದಿನದ ತಿಥಿಗೆ ಊರ ಬಾಗಿಲಲ್ಲಿ ಎಂಟು ಅಡಿ ಫ್ಲೆಕ್ಸ್ ನಿಲ್ಲಿಸಿದೆ. ‘1965 ಮತ್ತು 1971ರ ಯುದ್ಧಗಳ ವೀರ, ವೈರಿಗಳ ಎದೆ ನಡುಗಿಸಿದ ಹುಲಿ, ಸುಬೇದಾರ್’ ಅಂತ ಅಪ್ಪನ ಹೆಸರು. ಹಿಂದೆ ಒಂದು ಟ್ಯಾಂಕ್. ಫ್ಲೆಕ್ಸ್ ಅಂಗಡಿ ಹುಡುಗ ಗೂಗಲ್‌ನಲ್ಲಿ ಹುಡುಕಿ ಹಾಕಿದ್ದು.

ಅಮ್ಮನ ಡೈರಿಯಲ್ಲಿದ್ದ ನಂಬರಿಗೆ ತಂಗಿ ಫೋನ್ ಮಾಡಿದ್ದಳು. ವೆಲ್ಲೂರು ಕಡೆಯಿಂದ ಅಪ್ಪನ ಜೊತೆಗಾರರೊಬ್ಬರು ಬಂದರು. ಎಪ್ಪತ್ತು ದಾಟಿದ ವಯಸ್ಸು, ರಾತ್ರಿಯೆಲ್ಲ ರೈಲು, ಕೈಯಲ್ಲಿ ಕೋಲು. ಚಪ್ಪಲಿ ಬಿಡುವ ಮೊದಲೇ ಫ್ಲೆಕ್ಸ್ ಮುಂದೆ ನಿಂತರು. ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಪಕ್ಕದಲ್ಲಿದ್ದ ಹುಡುಗನ ಕೈಲಿ ಓದಿಸಿದರು. ಆಮೇಲೆ ನನ್ನನ್ನು ಕರೆದು ತಮಿಳು, ಕನ್ನಡ, ಹಿಂದಿ ಕಲಸಿ ಹೇಳಿದರು: “ತಂಬಿ, ನಾವಿಬ್ಬರೂ ಸೇರಿದ್ದೇ 66ರಲ್ಲಿ. 65ರ ಲಡಾಯಿ ಎಲ್ಲಿಂದ ಬಂತು? ಅವನು ಸುಬೇದಾರ್ ಅಲ್ಲ, ಹವಾಲ್ದಾರ್ ಆಗಿ ಪೆನ್ಷನ್ ಬಂದವನು. ಈ ಟ್ಯಾಂಕ್ ಇದೆಯಲ್ಲ, ಪ್ಯಾಟನ್, ಇದು ಪಾಕಿಸ್ತಾನದವರದ್ದು. ನಮ್ಮದು ಸೆಂಚುರಿಯನ್.”

ಈಗ ನನ್ನ ತಪ್ಪು ಹೇಳುತ್ತೇನೆ. ಫ್ಲೆಕ್ಸ್ ತಪ್ಪೇ ಅಲ್ಲ ಅನ್ನಿ, ಅದು ಬರೀ ದಡ್ಡತನ. ತಪ್ಪು ನನ್ನ ಉತ್ತರ. “ಇರ್ಲಿ ಬಿಡಿ ಅಂಕಲ್, ಜನಕ್ಕೆ ಇದೇ ಇಷ್ಟ” ಅಂದೆ. ಅಂದು ನಕ್ಕೆ ಕೂಡ. ನೆಂಟರ ಮುಂದೆ ಮುಖ ಉಳಿಸಿಕೊಳ್ಳುವ ಅವಸರ. ಅವರೇನೂ ಜಗಳ ಆಡಲಿಲ್ಲ. ಹೋಗಿ ಚಪ್ಪರದ ಕಂಬದ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ನಾಲ್ಕು ಗಂಟೆ ಕೂತಿದ್ದರು. ಅಪ್ಪನ ಇಪ್ಪತ್ತು ವರ್ಷ ನೋಡಿದ್ದ ಒಂದೇ ಒಂದು ಜೀವ ನಮ್ಮ ಅಂಗಳದಲ್ಲಿ ನಾಲ್ಕು ಗಂಟೆ ಸುಮ್ಮನೆ ಕೂತಿತ್ತು, ನಾನು ಪಾಯಸ ಎಷ್ಟು ಪಂಕ್ತಿಗೆ ಸಾಲುತ್ತೆ ಅಂತ ಲೆಕ್ಕ ಹಾಕುತ್ತಿದ್ದೆ. ಒಂದು ಸಲವಾದರೂ ಇನ್ನೊಂದು ಕುರ್ಚಿ ಎಳೆದು ಎದುರು ಕೂರಬಹುದಿತ್ತು. ಕೂರಲಿಲ್ಲ, ಯಾಕೆಂದರೆ ಅವರು ಸರಿ ಅಂತ ನನಗೆ ಗೊತ್ತಿತ್ತು. ಮನೆಯಲ್ಲಿದ್ದ ಡಿಸ್ಚಾರ್ಜ್ ಬುಕ್ ತೆಗೆದಿದ್ದರೆ ಸೇರಿದ ತಾರೀಖು, ದರ್ಜೆ ಎಲ್ಲ ಅದರಲ್ಲೇ ಇತ್ತು. ಅಷ್ಟೇಕೆ, ಬಿಸ್ಕೆಟ್ ಡಬ್ಬಿಯಲ್ಲಿ ಪಶ್ಚಿಮಿ ಸ್ಟಾರ್ ಇತ್ತು, 71ರಲ್ಲಿ ಪಶ್ಚಿಮ ಗಡಿಯಲ್ಲಿದ್ದವರಿಗೆ ಕೊಟ್ಟ ಪದಕ, ಅದರ ಮೇಲೆ ಅಪ್ಪನ ನಂಬರು, ಹೆಸರು, ‘ಸ್ಯಾಪರ್’ ಅಂತ ಆಗಿನ ದರ್ಜೆ, ಎಲ್ಲ ಕೆತ್ತಿದೆ. ಚಿಕ್ಕಂದಿನಲ್ಲಿ ಅದರ ಜೊತೆ ಆಟ ಆಡಿದವನು ನಾನು, ಅಕ್ಷರ ನೋಡಿರಲಿಲ್ಲ.

ಸಂಜೆ ರೈಲಿಗೆ ಅವರು ಹೊರಟರು. ಪ್ರಶ್ನೆಗಳನ್ನೆಲ್ಲ ಬರೆದಿಟ್ಟುಕೊಂಡು ನಾನು ಫೋನ್ ಮಾಡುವ ಹೊತ್ತಿಗೆ ಅವರ ಮಗ ಎತ್ತಿದ. ನಮ್ಮ ಕಡೆ ಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಕೊಬ್ಬರಿ ಆಗಲು ಹತ್ತು ಹನ್ನೊಂದು ತಿಂಗಳು. ತಿಥಿಯ ವಾರ ಹಾಕಿದ ಕಾಯಿ ಇನ್ನೂ ಇಳಿಸಿರಲಿಲ್ಲ, ಅಷ್ಟರಲ್ಲಿ ಅವರೂ ಹೋಗಿದ್ದರು.

ಉಳಿದದ್ದು ಅವತ್ತು ಅವರು ಅಮ್ಮನ ಹತ್ತಿರ ಆಡಿದ ನಾಲ್ಕು ಮಾತು. ಅಮ್ಮನಿಗೆ ಅರ್ಧ ಅರ್ಥವಾಗಿತ್ತು, ಅರ್ಧ ಇಲ್ಲ. 71ರ ಯುದ್ಧ, ಪಶ್ಚಿಮ ಗಡಿಯ ಶಕರ್‌ಗಢ ಸೆಕ್ಟರ್, ಬಸಂತರ್ ನದಿ, ಡಿಸೆಂಬರ್ ಚಳಿ. ಟ್ಯಾಂಕ್ ದಳದ ಅಧಿಕಾರಿ ಅರುಣ್ ಖೇತ್ರಪಾಲರಿಗೆ ಪರಮವೀರ ಚಕ್ರ ಬಂತಲ್ಲ, ಅದೇ ಕದನ. ಟ್ಯಾಂಕ್‌ಗಳು ಮುಂದೆ ಹೋಗಬೇಕಾದರೆ ಹೊಳೆ ದಂಡೆಯ ನೆಲಬಾಂಬುಗಳನ್ನು ಯಾರಾದರೂ ತೆಗೆಯಬೇಕು. ಕತ್ತಲಲ್ಲಿ ಹೊಟ್ಟೆ ಮೇಲೆ ಮಲಗಿ, ಕಡ್ಡಿಯಿಂದ ಮಣ್ಣನ್ನು ಓರೆಯಾಗಿ ಚುಚ್ಚುತ್ತಾ ಹೋಗುವುದು. ನೇರ ಚುಚ್ಚಿದರೆ ಬಾಂಬಿನ ತಲೆಗೆ ತಾಗಿ ಸಿಡಿಯುತ್ತೆ, ಓರೆಯಾದರೆ ಪಕ್ಕಕ್ಕೆ ತಾಗುತ್ತೆ. ತೆಗೆದಷ್ಟು ಜಾಗದ ಎರಡೂ ಅಂಚಿಗೆ ಬಿಳಿ ಲಾಡಿ ಎಳೆಯುವುದು. “ನಿನ್ನ ಗಂಡ ಒಂದು ಗುಂಡೂ ಹಾರಿಸಲಿಲ್ಲಮ್ಮ, ದಾರಿ ಮಾಡಿದ” ಅಂದರಂತೆ.

ಅಮ್ಮ ಇದನ್ನು ಹೇಳಿದಾಗ ನಾನು ತೋಟಕ್ಕೆ ಹೋಗಿ ಸುಮಾರು ಹೊತ್ತು ಕೂತೆ. ಗುಂಡಿ ತೆಗೆಯುವಾಗ ಅಪ್ಪ ಹಾರೆ ಹಾಕುವ ಮೊದಲು ಕಬ್ಬಿಣದ ಕಡ್ಡಿಯಲ್ಲಿ ಮಣ್ಣು ಚುಚ್ಚಿ ನೋಡೋರು. ಯಾವಾಗಲೂ ಓರೆಯಾಗಿ. ತೆಂಗಿನ ಸಸಿ ನೆಡಲು ಸಾಲು ಗುರುತಿಗೆ ಎಲ್ಲರೂ ತೆಂಗಿನ ಹಗ್ಗ ಹಿಡಿದರೆ ಇವರು ಬಿಳಿ ಲಾಡಿ ಹಿಡಿಯೋರು. “ಮಿಲಿಟ್ರಿ ಹುಚ್ಚು” ಅಂತ ಚಿಕ್ಕಪ್ಪಂದಿರ ಜೊತೆ ನಾವೂ ನಗುತ್ತಿದ್ದೆವು. ಆ ಚಿಕ್ಕಪ್ಪಂದಿರಿಗೆ ಕ್ಯಾಂಟೀನ್ ರಮ್ ತಂದುಕೊಡುತ್ತಿದ್ದವರೂ ಅಪ್ಪನೇ. ತಾವು ಮುಟ್ಟುತ್ತಿರಲಿಲ್ಲ.

ಹಾಗಾಗಿ, ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ. ಬೇಜಾರಾಗಬೇಡಿ. ಡಿಸೆಂಬರ್ 3ಕ್ಕೆ ಶುರುವಾದ 71ರ ಯುದ್ಧ ಪಶ್ಚಿಮ ಗಡಿಯಲ್ಲಿ 17ಕ್ಕೆ ನಿಂತಿತು. ಎರಡು ವಾರ. ಅಪ್ಪ ಸೈನ್ಯದಲ್ಲಿದ್ದದ್ದು 24 ವರ್ಷ, ಬದುಕಿದ್ದು 70. ತಿಂಗಳು ತಿಂಗಳು ಬಂದ ಮನಿಯಾರ್ಡರ್, ಕೇರಾಫ್ 56 ಎಪಿಒ ಅಂತ ಸೈನ್ಯದ ಅಂಚೆ ವಿಳಾಸ ಬರೆದು ಅಮ್ಮ ಹಾಕಿದ ಇನ್‌ಲ್ಯಾಂಡ್‌ಗಳು, ನಾನು ಹುಟ್ಟಿ ಏಳು ತಿಂಗಳಿಗೆ ರಜೆ ಸಿಕ್ಕಿ ಬಂದಾಗ ಅವರ ಮೀಸೆ ನೋಡಿ ನಾನು ಕಿರುಚಿದ್ದು, ಇವೆಲ್ಲ ಯಾವ ಲೆಕ್ಕಕ್ಕೆ? 1990ಕ್ಕೆ ಪೆನ್ಷನ್ ಬಂದ ಮೇಲೆ ಬ್ಯಾಂಕ್ ಬಾಗಿಲಲ್ಲಿ ಬಂದೂಕು ಹಿಡಿದು ಹದಿನೈದು ವರ್ಷ ನಿಂತರು. ಸಂಜೆ ಬಂದು, ರಾತ್ರಿ ತ್ರೀ ಫೇಸ್ ಕರೆಂಟ್ ಯಾವಾಗ ಬರುತ್ತೋ ಆಗ ಎದ್ದು ತೋಟಕ್ಕೆ ನೀರು ಬಿಡೋರು. ತಂಗಿಯ ನರ್ಸಿಂಗ್ ಫೀಸು ಆ ನೀರಿನಿಂದಲೇ ಬಂದದ್ದು. ಭಾನುವಾರ ರಾತ್ರಿ ನಮ್ಮಿಬ್ಬರ ಶೂ ಪಾಲಿಶ್ ಮಾಡಿ ಹೊಸಿಲ ಪಕ್ಕ ಸಾಲಾಗಿ ಇಡೋರು, ನಾನು ಪಿಯುಸಿ ಮುಗಿಸುವ ತನಕ. ಫ್ಲೆಕ್ಸ್‌ನಲ್ಲಿ ಶೂ ಇರಲಿಲ್ಲ ನೋಡಿ.

ಪುಸ್ತಕ ತಿಂಗಳಿಗೇ ಆಗಬೇಕು ಅಂತ ಯಾರು ಹೇಳಿದ್ದು? ವರ್ಷಕ್ಕೆ ಮಾಡಿ. ಈ ವಾರ ನಿಮ್ಮ ಅಮ್ಮನ ಪಕ್ಕ ಕೂತು ಮೊಬೈಲ್ ರೆಕಾರ್ಡ್ ಆನ್ ಮಾಡಿ, ಯುದ್ಧದ ಮಾತು ಎತ್ತಬೇಡಿ, ರಜೆಗೆ ಬಂದಾಗ ಟ್ರಂಕಿನಲ್ಲಿ ಏನೇನು ತರುತ್ತಿದ್ದರು ಅಂತ ಕೇಳಿ. ಜೊತೆಗಾರರು ಯಾರಾದರೂ ಬದುಕಿದ್ದರೆ ಫೋನ್ ಸಾಲದು, ಬಸ್ಸು ಹತ್ತಿ. ಪಿಪಿಒ, ಅಂದರೆ ಪೆನ್ಷನ್ ಆದೇಶದ ಪತ್ರ, ಮತ್ತು ಡಿಸ್ಚಾರ್ಜ್ ಬುಕ್ ಹುಡುಕಿ ತೆಗೆಯಿರಿ, ಬರೆಯುವುದಕ್ಕೂ ಬೇಕು, ಅಮ್ಮನ ಫ್ಯಾಮಿಲಿ ಪೆನ್ಷನ್‌ಗೂ ಬೇಕು. ಅದರಲ್ಲಿರುವ ಅಮ್ಮನ ಹೆಸರು ಆಧಾರ್‌ನಲ್ಲಿರುವ ಹಾಗೇ ಇದೆಯಾ ನೋಡಿ. ನಮ್ಮಲ್ಲಿ ಒಂದು ‘ಮ್ಮ’ ಹೆಚ್ಚಿತ್ತು, ಅದಕ್ಕೇ ಜಿಲ್ಲಾ ಸೈನಿಕ ಕಚೇರಿಗೆ ನಾಲ್ಕು ಸಲ ಅಲೆದೆ.

ನನ್ನ ಪುಸ್ತಕ ಇನ್ನೂ ಆಗಿಲ್ಲ. ಫ್ಲೆಕ್ಸ್ ಗಟ್ಟಿ ಇತ್ತು, ಬಿಸಾಡಲು ಅಮ್ಮ ಬಿಡಲಿಲ್ಲ. ಅಟ್ಟದ ಹೆಂಚು ಸೋರುವ ಕಡೆ ಕಾಯಿ ಮೇಲೆ ಹೊದಿಸಿದ್ದಾಳೆ, ಅಕ್ಷರ ಕೆಳಗೆ ಮಾಡಿ.