ಪ್ರಾರ್ಥನೆಗೆ ಉತ್ತರ ಬಾರದಿದ್ದರೆ ನನ್ನ ನಂಬಿಕೆಯಲ್ಲೇ ಕೊರತೆಯೇ?

ನೀವು ಚಳ್ಳಕೆರೆಯವರು, ಬಿ.ಎಡ್. ಮುಗಿಸಿ ಮೂರು ವರ್ಷವಾದರೂ ಕೆಲಸ ಸಿಕ್ಕಿಲ್ಲ, ತಂಗಿಗೆ ಸಂಬಂಧ ಕೂಡಿ ಬರುತ್ತಿಲ್ಲ ಎಂದು ಬರೆದಿದ್ದೀರಿ. ಉಪವಾಸ ಪ್ರಾರ್ಥನೆಯೂ ಆಯಿತು. ‘ನಿಮ್ಮ ನಂಬಿಕೆ ಸಾಲದು, ಐದು ಸಾವಿರ ಬೀಜದ ಕಾಣಿಕೆ ಬಿತ್ತಿ ನೋಡಿ’ ಎಂದು ಬೋಧಕರೊಬ್ಬರು ಹೇಳಿದರಂತೆ (ಕೊಟ್ಟ ಹಣ ಬೀಜದ ಹಾಗೆ ಆಶೀರ್ವಾದವಾಗಿ ಬೆಳೆದು ಬರುತ್ತದೆ ಎಂಬ ಲೆಕ್ಕ). ದೇವರಿಗೆ ನನ್ನ ಮೇಲೆ ಕೋಪವೇ ಎಂದು ಕೇಳಿದ್ದೀರಿ. ನಾನು ಪಾದ್ರಿಯಲ್ಲ, ದೇವಶಾಸ್ತ್ರ ಓದಿದವನೂ ಅಲ್ಲ. ದಾವಣಗೆರೆಯ ಎಪಿಎಂಸಿಯಲ್ಲಿ ದಲಾಲಿ ಅಂಗಡಿಯೊಂದರ ಲೆಕ್ಕ ಬರೆಯುತ್ತೇನೆ, ಭಾನುವಾರ ಸಭೆಗೆ ಹೋಗುತ್ತೇನೆ. ನನ್ನ ಕೇಳಿದರೆ, ನಂಬಿಕೆ ಎಷ್ಟಿದೆ ಎಂದು ಅಳೆಯುವ ಮೊದಲು ಎಂಥ ದೇವರನ್ನು ನಂಬಿದ್ದೀರಿ ಎಂದು ನೋಡಿಕೊಳ್ಳಬೇಕು.

ನಮ್ಮ ಅಂಗಡಿಗೆ ಮೆಕ್ಕೆಜೋಳ ತರುವ ರೈತ ಬಿತ್ತನೆಯ ಹೊತ್ತಿಗೇ ಮುಂಗಡ ಪಡೆದಿರುತ್ತಾನೆ. ಮಾಲು ತೂಗಿದ ಮೇಲೆ ಮುಂಗಡ, ಬಡ್ಡಿ, ಹಮಾಲಿ ಎಲ್ಲ ಮುರಿದುಕೊಂಡು ಉಳಿದದ್ದನ್ನು ಅವನ ಕೈಗಿಡುತ್ತೇವೆ. ಚೀಟಿಯನ್ನು ಎರಡು ಸಲ ತಿರುಗಿಸಿ ನೋಡುತ್ತಾನೆ. ತಪ್ಪಿದೆ ಅನ್ನಿಸಿದರೂ ಕೇಳುವುದಿಲ್ಲ, ಮುಂದಿನ ಹಂಗಾಮಿಗೆ ಮತ್ತೆ ಇಲ್ಲಿಗೇ ಬರಬೇಕಲ್ಲ. ನಮ್ಮಲ್ಲಿ ಬಹಳ ಮಂದಿಯ ದೇವರು ಇಂಥ ದಲಾಲನೇ. ಉಪವಾಸ, ದಶಮಾಂಶ ಜಮೆಗೆ, ಪಾಪವೆಲ್ಲ ಖರ್ಚಿಗೆ, ಕಳೆದು ಉಳಿದದ್ದು ಆಶೀರ್ವಾದ. ಏನೂ ಉಳಿಯದಿದ್ದರೆ ತಪ್ಪು ನಮ್ಮದೇ ಎಂದು ಒಪ್ಪಿಕೊಂಡು ಬಾಯಿ ಮುಚ್ಚಿಕೊಳ್ಳುವುದು.

ಯೇಸು ಹೇಳಿದ ತಲಾಂತುಗಳ ಸಾಮ್ಯವನ್ನು (ಮತ್ತಾಯ 25) ಈ ಕಣ್ಣಿನಿಂದ ಓದಿ ನೋಡಿ. ಪ್ರಯಾಣ ಹೊರಟ ಧಣಿಯೊಬ್ಬ ಮೂವರು ಆಳುಗಳ ಕೈಗೆ ತನ್ನ ಹಣ (ತಲಾಂತು ಅಂದರೆ ಆಗಿನ ದೊಡ್ಡ ಮೊತ್ತ) ಒಪ್ಪಿಸಿ ಹೋದ ಕಥೆ ಅದು. ಮೂರನೆಯ ಆಳು ಹಣವನ್ನು ನೆಲದಲ್ಲಿ ಹೂತಿಟ್ಟದ್ದಕ್ಕೆ ಕಾರಣವನ್ನು ಅವನೇ ಹೇಳುತ್ತಾನೆ: ನೀನು ಕಠಿಣ ಮನುಷ್ಯ, ಬಿತ್ತದ ಕಡೆ ಕೊಯ್ಯುವವನು, ಅದಕ್ಕೇ ಹೆದರಿದೆ. ಅವನ ಕೈ ಕಟ್ಟಿಹಾಕಿದ್ದು ಧಣಿಯ ಬಗ್ಗೆ ಅವನಿಗಿದ್ದ ಆ ಭಾವನೆ. ಉಳಿದಿಬ್ಬರು ಅದೇ ಧಣಿಯ ದುಡ್ಡನ್ನು ವ್ಯಾಪಾರಕ್ಕೆ ಹಾಕಿ ದುಪ್ಪಟ್ಟು ಮಾಡಿದ್ದರು.

ನಮ್ಮ ಬಡಾವಣೆಯಲ್ಲಿ ಕಾಯಿಲೆ ಬಿದ್ದ ಹೆಂಗಸೊಬ್ಬರ ಮನೆಯಲ್ಲಿ ಪ್ರಾರ್ಥನಾ ಕೂಟವಿತ್ತು. ಬಂದವರೊಬ್ಬರು, ‘ಮರೆಮಾಡಿದ ಪಾಪವೇನಾದರೂ ಇದೆಯೇನಮ್ಮಾ?’ ಎಂದು ಎಲ್ಲರೆದುರು ಕೇಳಿದರು. ಆಕೆ ಮಾತಾಡಲಿಲ್ಲ. ಡಯಾಲಿಸಿಸ್ ಸೂಜಿಯ ಗುರುತುಗಳಿದ್ದ ಕೈಯ ಮೇಲೆ ಸೆರಗು ಎಳೆದುಕೊಂಡರು. ಬೈಬಲಿನಲ್ಲಿ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಗೆಳೆಯರೂ ಹೀಗೆಯೇ. ಏಳು ದಿನ ಅವನ ಪಕ್ಕದಲ್ಲಿ ನೆಲದ ಮೇಲೆ ಸುಮ್ಮನೆ ಕೂತಿದ್ದಷ್ಟು ಹೊತ್ತು ಒಳ್ಳೆಯವರು, ಬಾಯಿ ತೆರೆದ ಮೇಲೆ ಕೆಟ್ಟರು. ಕೊನೆಯಲ್ಲಿ ದೇವರ ಸಿಟ್ಟು ಉರಿಯುವುದು ದೇವರ ಪರವಾಗಿಯೇ ವಕಾಲತ್ತು ವಹಿಸಿದ ಈ ಗೆಳೆಯರ ಮೇಲೆ. ಗೋಳಾಡಿದ, ಜಗಳವಾಡಿದ ಯೋಬನೇ ನನ್ನ ವಿಷಯದಲ್ಲಿ ಸರಿಯಾಗಿ ಆಡಿದನು ಎನ್ನುತ್ತಾನೆ ದೇವರು.

‘ಬೇಡಿಕೊಳ್ಳಿರಿ, ನಿಮಗೆ ದೊರೆಯುವುದು’ ಎಂಬ ವಚನ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. ರೊಟ್ಟಿ ಕೇಳಿದ ಮಗನಿಗೆ ಯಾವ ತಂದೆ ಕಲ್ಲು ಕೊಡುತ್ತಾನೆ ಎಂಬ ಮಾತೂ ಅದರ ಬೆನ್ನಿಗೇ ಇದೆ. (ಸ್ವಂತ ಅಪ್ಪನಿಂದ ಬರೀ ಏಟು ತಿಂದು ಬೆಳೆದವರಿಗೆ ಈ ಮಾತು ಗಂಟಲಲ್ಲಿ ಇಳಿಯುವುದು ಕಷ್ಟ, ಅವರನ್ನು ಅವಸರಪಡಿಸಬಾರದು.) ಲೂಕನ ಸುವಾರ್ತೆಯಲ್ಲಿ ಇದೇ ಮಾತು ಬಂದಾಗ, ಪರಲೋಕದ ತಂದೆ ಬೇಡುವವರಿಗೆ ಪವಿತ್ರಾತ್ಮನನ್ನು ಕೊಡುತ್ತಾನೆ ಎಂದಿದೆ. ನೌಕರಿಯ ಆದೇಶಪತ್ರದ ಮಾತು ಅಲ್ಲಿಲ್ಲ. ಸಾಯುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಈ ಪಾತ್ರೆ (ಬರಲಿರುವ ಸಂಕಟ) ನನ್ನಿಂದ ತೊಲಗಲಿ ಎಂದು ಬೇಡಿದ ಯೇಸುವಿಗೇ ಶಿಲುಬೆ ತಪ್ಪಲಿಲ್ಲ. ಆತನ ನಂಬಿಕೆಯೂ ಸಾಲದಾಗಿತ್ತು ಎಂದು ನಿಮ್ಮ ಬೋಧಕರು ಹೇಳುತ್ತಾರೆಯೇ?

ನಿಮ್ಮ ಜಿಲ್ಲೆಯ ಮಾರಿಕಣಿವೆಯನ್ನೇ ನೋಡಿ. 1933ರಲ್ಲಿ ಕೋಡಿ ಬಿದ್ದ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ 89 ವರ್ಷ ಮಳೆಗಾಗಿ ಗುಡಿ, ಮಸೀದಿ, ಚರ್ಚುಗಳಲ್ಲಿ ಬೇಡಿಕೊಂಡು, ಅದನ್ನು ಕಾಣದೆಯೇ ಕಣ್ಣು ಮುಚ್ಚಿದವರೆಲ್ಲ ಭಕ್ತಿಗೆಟ್ಟವರೇ? ಇಬ್ರಿಯರಿಗೆ ಬರೆದ ಪತ್ರಿಕೆಯ 11ನೇ ಅಧ್ಯಾಯ ಅಬ್ರಹಾಮನಂಥವರನ್ನು ಹೊಗಳುತ್ತಲೇ, ಇವರೆಲ್ಲ ವಾಗ್ದಾನದ ಫಲವನ್ನು ಹೊಂದದೆ ನಂಬಿಕೆಯಲ್ಲೇ ಸತ್ತರು ಎನ್ನುತ್ತದೆ. ಆಶೀರ್ವಾದ ಸಭೆಗಳ ಕರಪತ್ರಗಳಲ್ಲಿ ಈ ವಚನವನ್ನು ನಾನು ಇದುವರೆಗೂ ಕಂಡಿಲ್ಲ.

ದೇವರು ತಂದೆ ಎಂದಾದರೆ ಆತನೊಂದಿಗೆ ಜಗಳವಾಡಬಹುದು. ಸಾಲಗಾರ ದನಿ ಎತ್ತುವುದಿಲ್ಲ, ಮಕ್ಕಳು ಎತ್ತುತ್ತಾರೆ. 13ನೇ ಕೀರ್ತನೆ ಶುರುವಾಗುವುದೇ ‘ಇನ್ನೆಷ್ಟು ಕಾಲ ನನ್ನನ್ನು ಮರೆತಿರುವೆ’ ಎಂಬ ದೂರಿನಿಂದ. 88ನೆಯದು ಸಮಾಧಾನದ ಒಂದು ಮಾತೂ ಇಲ್ಲದೆ ಕತ್ತಲೆಯಲ್ಲೇ ಮುಗಿಯುತ್ತದೆ. ಒಂದು ವಾರ ಬೇಡಿಕೆಯ ಪಟ್ಟಿಯನ್ನು ಬದಿಗಿಟ್ಟು ಇವೆರಡನ್ನೇ ಗಟ್ಟಿಯಾಗಿ ಓದಿ. ನಿಮಗೆ ಸಿಟ್ಟಿದ್ದರೆ ಅದನ್ನೂ ಆತನಿಗೇ ಹೇಳಿ.

ಇನ್ನು ಆ ಐದು ಸಾವಿರದ ಮಾತು. ಕೊಡಬೇಡಿ. ದೇವರ ವರವನ್ನು ಹಣಕ್ಕೆ ಕೊಳ್ಳಲು ಬಂದ ಸೀಮೋನನಿಗೆ, ನಿನ್ನ ಬೆಳ್ಳಿ ನಿನ್ನ ಕೂಡ ಹಾಳಾಗಲಿ ಎಂದವನು ಯೇಸುವಿನ ಶಿಷ್ಯ ಪೇತ್ರ (ಅಪೊಸ್ತಲರ ಕೃತ್ಯಗಳು 8). ಆ ದುಡ್ಡಿನಲ್ಲಿ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಶುಲ್ಕ ಕಟ್ಟಿ, ಹಳೆಯ ಪ್ರಶ್ನೆಪತ್ರಿಕೆಗಳನ್ನು ತರಿಸಿಕೊಳ್ಳಿ. ತಂಗಿಯ ವಿಷಯವನ್ನು ನಿಮ್ಮ ಸಭೆಯಲ್ಲಷ್ಟೇ ಹೇಳಿ ಕೂರಬೇಡಿ. ಹಿರಿಯೂರು, ಹರಿಹರ, ಶಿವಮೊಗ್ಗದ ಕಡೆಯೂ ನಾಲ್ಕು ಜನರ ಕಿವಿಗೆ ಹಾಕಿ.